ಸೂಜಿಯಂಥ ಮೈ, ಎರಡು ಮಿಲಿಮೀಟರ್ ಫೋಕಸ್

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹಿತ್ತಿಲಿನಲ್ಲಿ ಸಿಮೆಂಟ್ ತೊಟ್ಟಿ ಇಟ್ಟು ನೈದಿಲೆ ಬೆಳೆಸಿದ್ದೇವೆ. ಅದರ ಸುತ್ತ ಹಳದಿ ಬಾಲದ, ಕಡ್ಡಿಯಂತೆ ಸಪೂರವಾದ ಏರೋಪ್ಲೇನ್ ಚಿಟ್ಟೆಗಳು ದಿನವೂ ಬರುತ್ತವೆ. ಇವು ಡ್ಯಾಮ್ಸೆಲ್‌ಫ್ಲೈಗಳು ಎಂದು ಮಗಳು ಹೇಳಿದಳು. ನನ್ನ ಬಳಿ ಕ್ಯಾನನ್‌ನ ಆರಂಭಿಕ ಹಂತದ ಡಿಎಸ್‌ಎಲ್‌ಆರ್, 18-55 ಮತ್ತು 55-250 ಎಸ್‌ಟಿಎಂ ಲೆನ್ಸ್‌ಗಳಿವೆ. ಹತ್ತಿರ ಹೋದರೆ ಹುಳ ಹಾರಿಹೋಗುತ್ತದೆ. ಕೂತಾಗ ತೆಗೆದರೆ ಹಿಂದಿನ ಹುಲ್ಲು ಸ್ಪಷ್ಟ, ಹುಳ ಮಸುಕು. ಇಲ್ಲವೇ ಬಾಲ ಸ್ಪಷ್ಟ, ಮುಖ ಮಸುಕು. ಮ್ಯಾಕ್ರೋ ಲೆನ್ಸ್ ಕೊಳ್ಳಲೇಬೇಕೆ? ಇನ್ನೊಂದು ಸಣ್ಣ ಸಂದೇಹ: ಅದರ ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ಇದೆ. ನಾನು ಎತ್ತ ಸರಿದರೂ ಅದೂ ಸರಿಯುತ್ತದೆ. ಹುಳ ನಿಜವಾಗಿಯೂ ನನ್ನನ್ನೇ ನೋಡುತ್ತಿದೆಯೇ?

ಉತ್ತರ: ಮ್ಯಾಕ್ರೋ ಲೆನ್ಸ್, ಎಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್, ಸದ್ಯಕ್ಕೆ ಬೇಡ. ನಿಮ್ಮ ತೊಂದರೆಯ ಮೂಲ ಲೆನ್ಸಿನಲ್ಲಿಲ್ಲ. ಒಂದು, ನೀವು ಹೋಗುವ ಹೊತ್ತು ಸರಿಯಿಲ್ಲ. ಇನ್ನೊಂದು, ಕ್ಯಾಮೆರಾ ಹಿಡಿಯುವ ಕೋನ ಸರಿಯಿಲ್ಲ. ಇವೆರಡನ್ನೂ ಸರಿಪಡಿಸಿಕೊಂಡರೆ ಈಗ ಕೈಯಲ್ಲಿರುವುದರಿಂದಲೇ ಒಳ್ಳೆಯ ಚಿತ್ರ ಬರುತ್ತದೆ.

ಬಣ್ಣದಿಂದ ಹೇಳುವುದಾದರೆ ನಿಮ್ಮ ತೊಟ್ಟಿಯ ಅತಿಥಿ ಕೋರಮಂಡಲ್ ಮಾರ್ಷ್ ಡಾರ್ಟ್ ಎಂಬ ಜಾತಿಯ ಗಂಡು ಇರಬೇಕು. ಕಲೆಯಿಲ್ಲದ ನಿಂಬೆ ಹಳದಿ ಬಾಲ, ಮಾಸಲು ಹಸಿರಿನ ಎದೆ, ಹಸಿರು ಕಣ್ಣು. ಹೆಣ್ಣಿನ ಬಣ್ಣ ಇಷ್ಟು ಹೊಳೆಯುವುದಿಲ್ಲ, ಒಣಹುಲ್ಲಿನ ಹಾಗೆ ಮಂಕು. 1798ರಲ್ಲಿ ಕೀಟತಜ್ಞ ಫ್ಯಾಬ್ರಿಸಿಯಸ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಕೋರಮಂಡಲ ತೀರದ ಹೆಸರಿಟ್ಟ. ಆದರೆ ಇದು ಕರಾವಳಿಗೆ ಸೀಮಿತವಲ್ಲ. ಕೆರೆಯಂಚು, ಗದ್ದೆಬದು, ಬಚ್ಚಲ ನೀರು ಹರಿದು ಕೆಸು ಬೆಳೆದ ಜಾಗ, ಎಲ್ಲ ಕಡೆಯೂ ಸಿಗುತ್ತದೆ. ನಾನು ಮೊದಲು ಕಂಡದ್ದೂ ಅಂಥದೇ ಕೆಸುವಿನ ಮಡಿಯಲ್ಲಿ. ನಾವೆಲ್ಲ ಬಾಲ ಎನ್ನುವ ಭಾಗ ಅದರ ಹೊಟ್ಟೆ. ಈ ಉತ್ತರದಲ್ಲಿ ನಾನೂ ಬಾಲ ಎಂದೇ ಬರೆಯುತ್ತೇನೆ.

ದೊಡ್ಡ ಏರೋಪ್ಲೇನ್ ಚಿಟ್ಟೆಗೂ ಇದಕ್ಕೂ ಇರುವ ವ್ಯತ್ಯಾಸ ಫೋಟೋ ತೆಗೆಯುವವರಿಗೆ ಉಪಯೋಗದ್ದು. ದೊಡ್ಡದರ ಕಣ್ಣುಗಳು ಸಾಮಾನ್ಯವಾಗಿ ನೆತ್ತಿಯ ಮೇಲೆ ಒಂದಕ್ಕೊಂದು ತಾಗಿಕೊಂಡಿರುತ್ತವೆ, ಕೂತಾಗಲೂ ರೆಕ್ಕೆ ಹರಡಿರುತ್ತದೆ. ಡ್ಯಾಮ್ಸೆಲ್‌ಫ್ಲೈಯ ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ ಗುಂಡಿಗಳಂತೆ ದೂರದೂರ ಕೂತಿರುತ್ತವೆ, ರೆಕ್ಕೆಗಳನ್ನು ಬೆನ್ನ ಮೇಲೆ ಮಡಿಚಿ ಜೋಡಿಸಿಕೊಂಡಿರುತ್ತದೆ. ಲೆಸ್ಟಿಸ್ ಕುಲದಂಥ ಕೆಲವು ಮಾತ್ರ ಅರೆಬಿಚ್ಚಿ ಕೂರುತ್ತವೆ. ರೆಕ್ಕೆ ಮಡಿಚಿದ ಹುಳವನ್ನು ಪಕ್ಕದಿಂದ ನೋಡಿದರೆ ತಲೆ, ಎದೆ, ರೆಕ್ಕೆ, ಬಾಲ ಎಲ್ಲವೂ ಹೆಚ್ಚುಕಡಿಮೆ ಒಂದೇ ತಗಡಿನ ಮೇಲೆ ಬರೆದ ಹಾಗೆ ಚಪ್ಪಟೆಯಾಗಿ ಬರುತ್ತವೆ. ಹತ್ತಿರದ ಛಾಯಾಗ್ರಹಣಕ್ಕೆ ಇಷ್ಟು ಅನುಕೂಲವಾದ ಮೈಕಟ್ಟು ಬೇರೆ ಹುಳಗಳಲ್ಲಿ ಅಪರೂಪ. ನೀವು ಆ ಅನುಕೂಲವನ್ನು ಬಳಸಿಕೊಳ್ಳುತ್ತಿಲ್ಲ, ಅಷ್ಟೇ.

ಇದನ್ನು ಲೆಕ್ಕದಲ್ಲಿ ನೋಡೋಣ. ನಿಮ್ಮ ಹುಳ ತಲೆಯಿಂದ ಬಾಲದ ತುದಿಯವರೆಗೆ ಸುಮಾರು 4 ಸೆಂಟಿಮೀಟರ್ ಉದ್ದ. ನಿಮ್ಮ ಕ್ಯಾಮೆರಾದ ಸೆನ್ಸರ್ 22.3 ಮಿಲಿಮೀಟರ್ ಅಗಲ. 55-250 ಎಸ್‌ಟಿಎಂ ಲೆನ್ಸಿನ ಜೂಮನ್ನು 250 ಮಿಲಿಮೀಟರಿಗೆ ಎಳೆದು, ಅದು ಫೋಕಸ್ ಆಗುವ ಕನಿಷ್ಠ ದೂರವಾದ 85 ಸೆಂಟಿಮೀಟರ್‌ನಲ್ಲಿ ನಿಂತರೆ ಸೆನ್ಸರಿನ ಮೇಲೆ ಹುಳದ ನಿಜ ಗಾತ್ರದ 0.29 ಪಟ್ಟು ಬಿಂಬ ಸಿಗುತ್ತದೆ. ಎಂದರೆ ಚೌಕಟ್ಟಿನ ಅಗಲದಲ್ಲಿ 77 ಮಿಲಿಮೀಟರ್ ಜಾಗ ಹಿಡಿಸುತ್ತದೆ. ಹುಳ ಅದರ ಅರ್ಧವನ್ನು ತುಂಬುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೂ ಇದು ಸಾಕು. ಅದೂ ಮುಕ್ಕಾಲು ಮೀಟರಿಗಿಂತ ಹೆಚ್ಚು ದೂರದಲ್ಲಿ ನಿಂತೇ ಆಗುವ ಕೆಲಸ. ನೀವು ಬಹುಶಃ 18-55 ಹಾಕಿಕೊಂಡು ಮೂಗು ತಾಗಿಸುವಷ್ಟು ಹತ್ತಿರ ಹೋಗುತ್ತಿದ್ದೀರಿ. ಅದು ಹಾರಿಹೋಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇದಕ್ಕಿಂತ ದೊಡ್ಡದಾಗಿ ಬೇಕೆಂದು ಆಸೆಯಾದಾಗ, ಲೆನ್ಸಿನ ಮೂತಿಗೆ ಸಿಕ್ಕಿಸುವ ಕ್ಲೋಸ್-ಅಪ್ ಗಾಜು ಕೊಳ್ಳಿ. ರೇನಾಕ್ಸ್ ಡಿಸಿಆರ್-150 ಅಂಥದ್ದು. ಮ್ಯಾಕ್ರೋ ಲೆನ್ಸಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಇದರ ಶಕ್ತಿ, ಕನ್ನಡಕದ ಪವರಿನ ಅಳತೆಯಲ್ಲೇ, 4.8 ಡಯಾಪ್ಟರ್. ಇದನ್ನು ಹಾಕಿ ಲೆನ್ಸಿನ ಫೋಕಸನ್ನು ಅನಂತಕ್ಕೆ ಇಟ್ಟರೆ ಹುಳ ಗಾಜಿನಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿದ್ದಾಗ ಸ್ಪಷ್ಟವಾಗುತ್ತದೆ. ಜೂಮನ್ನು 100ರಲ್ಲಿ ಇಟ್ಟರೆ ಸುಮಾರು ಅರ್ಧ ಪಟ್ಟು, ಇಡೀ ಹುಳ ಚೌಕಟ್ಟಿನಲ್ಲಿ ತುಂಬಿ ಕೂರುತ್ತದೆ. 250ಕ್ಕೆ ಎಳೆದರೆ 1.2 ಪಟ್ಟು, ತಲೆ ಮತ್ತು ಎದೆ ಮಾತ್ರ. ಇದೇ ಸಂಸ್ಥೆಯ ಡಿಸಿಆರ್-250 ಇನ್ನೂ ಪ್ರಬಲ. ಆದರೆ ಅದು ಹುಳದ ತೀರಾ ಹತ್ತಿರ ಹೋಗಲು ಒತ್ತಾಯಿಸುತ್ತದೆ, ಈ ಕೆಲಸಕ್ಕೆ ನಾನು ಹೇಳುವುದಿಲ್ಲ. ಒಂದೆರಡು ವರ್ಷ ಹೀಗೆ ಕಳೆದ ಮೇಲೂ ಹುಚ್ಚು ಬಿಡದಿದ್ದರೆ 90ರಿಂದ 105 ಮಿಲಿಮೀಟರಿನ ನಿಜವಾದ ಮ್ಯಾಕ್ರೋ ಲೆನ್ಸ್ ತೆಗೆದುಕೊಳ್ಳಿ. 50-60 ಮಿಲಿಮೀಟರಿನದು ಬೇಡ. ಹೂವಿಗೆ ಅದು ಚೆನ್ನ. ರೆಕ್ಕೆಯಿರುವ ಪ್ರಾಣಿಗೆ ದೂರ ಬೇಕು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಇಡೀ ಹುಳ ಚೌಕಟ್ಟು ತುಂಬುವಷ್ಟು ಹತ್ತಿರದಲ್ಲಿ, ಎಂದರೆ ಅರ್ಧ ಪಟ್ಟಿನಲ್ಲಿ, ನಿಮ್ಮ ಕ್ಯಾಮೆರಾದಲ್ಲಿ ಅಪರ್ಚರನ್ನು, ಎಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು, ಎಫ್/8ಕ್ಕೆ ಇಟ್ಟರೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು 2 ಮಿಲಿಮೀಟರ್ ಮಾತ್ರ. ಒಂದು ಪಟ್ಟಿಗೆ ಹೋದರೆ ಅದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಹುಳದ ಎರಡು ಕಣ್ಣುಗಳ ಹೊರ ಅಂಚುಗಳ ನಡುವಿನ ಅಂತರವೇ ಸುಮಾರು 4 ಮಿಲಿಮೀಟರ್. ನಿಮ್ಮ ಚಿತ್ರದಲ್ಲಿ ಬಾಲ ಸ್ಪಷ್ಟವಾಗಿ ಮುಖ ಮಸುಕಾದದ್ದು ಇದರಿಂದಲೇ. 4 ಸೆಂಟಿಮೀಟರ್ ಉದ್ದದ ಹುಳ ಸೆನ್ಸರಿಗೆ ಸಮಾನಾಂತರವಾಗಿರದೆ ಬರೀ 5 ಡಿಗ್ರಿ ಓರೆಯಾಗಿ ಕೂತಿದೆ ಎನ್ನಿ. ಅದರ ತಲೆಗೂ ಬಾಲದ ತುದಿಗೂ ಕ್ಯಾಮೆರಾದಿಂದ ಇರುವ ದೂರದಲ್ಲಿ ಮೂರೂವರೆ ಮಿಲಿಮೀಟರ್ ವ್ಯತ್ಯಾಸ ಬಂದುಬಿಡುತ್ತದೆ. 2 ಮಿಲಿಮೀಟರ್ ಪದರದೊಳಗೆ ಮೂರೂವರೆ ಮಿಲಿಮೀಟರ್ ಹಿಡಿಸುವುದಿಲ್ಲ. 5 ಡಿಗ್ರಿ ಎಂದರೆ ಗಡಿಯಾರದಲ್ಲಿ ಒಂದು ನಿಮಿಷದ ಗೆರೆಯಷ್ಟು ಓರೆಯೂ ಅಲ್ಲ. ಬರಿಗಣ್ಣಿಗೆ ನೇರವಾಗಿ ಕಂಡದ್ದು ಲೆನ್ಸಿಗೆ ಓರೆ.

ಕಿಂಡಿಯನ್ನು ಇನ್ನೂ ಕಿರಿದಾಗಿಸಿ ಎಫ್/16, ಎಫ್/22ಕ್ಕೆ ಇಟ್ಟು ಪದರ ಹೆಚ್ಚಿಸಿಕೊಳ್ಳಬಹುದಲ್ಲ ಎಂದು ಕೇಳುವಿರಿ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಹತ್ತಿರದ ಛಾಯಾಗ್ರಹಣದಲ್ಲಿ ಬಿಂಬ ದೊಡ್ಡದಾದಷ್ಟೂ ಅಪರ್ಚರ್ ಇನ್ನಷ್ಟು ಕಿರಿದಾದ ಹಾಗೆ ವರ್ತಿಸುತ್ತದೆ. ಮ್ಯಾಕ್ರೋ ಲೆನ್ಸಿನಲ್ಲಿ ಒಂದು ಪಟ್ಟಿನಲ್ಲಿ ಎಫ್/16 ಇಟ್ಟರೆ ಸುಮಾರು ಎಫ್/32ರ ಪರಿಣಾಮ. ಅಷ್ಟು ಸಣ್ಣ ಕಿಂಡಿಯ ಅಂಚಿನಲ್ಲಿ ಬೆಳಕು ಚದುರಿ ಇಡೀ ಚಿತ್ರದ ಮೊನಚು ಹೋಗುತ್ತದೆ. ರೆಕ್ಕೆಯ ಜಾಲರಿ ತೊಳೆದ ಬಟ್ಟೆಯ ಹಾಗೆ ಮಾಸುತ್ತದೆ. ಎಫ್/8ರಿಂದ ಎಫ್/11 ನಾನು ಎಂದೂ ಬಿಡದ ಗಡಿ. ಉಳಿದದ್ದನ್ನು ಕೋನದಿಂದಲೇ ಗಳಿಸಬೇಕು.

ಹಿಂದಿನ ಹುಲ್ಲು ಸ್ಪಷ್ಟವಾಗುವುದು ಆಟೋಫೋಕಸಿನ ಮಿತಿಯಿಂದ. ಹುಳದ ಬಾಲ ಹೆಚ್ಚೆಂದರೆ ಒಂದು ಮಿಲಿಮೀಟರ್ ದಪ್ಪ. ತೆರೆಯ ಮೇಲೆ ಕಾಣುವ ಫೋಕಸ್ ಚೌಕ ಅದಕ್ಕಿಂತ ಅಗಲ. ಆ ಚೌಕದೊಳಗೆ ಹುಳಕ್ಕಿಂತ ಹುಲ್ಲೇ ಹೆಚ್ಚಿದ್ದಾಗ ಕ್ಯಾಮೆರಾ ಹುಲ್ಲನ್ನೇ ಆರಿಸಿಕೊಳ್ಳುತ್ತದೆ. ಹಾಗಾಗಿ ಲೆನ್ಸಿನ ಪಕ್ಕದ ಗುಂಡಿಯನ್ನು ಎಂಎಫ್‌ಗೆ (ಕೈಯಿಂದ ಫೋಕಸ್ ಮಾಡುವುದಕ್ಕೆ) ತಳ್ಳಿ, ಫೋಕಸನ್ನು ಒಂದು ಕಡೆ ನಿಲ್ಲಿಸಿಬಿಡಿ. ಆಮೇಲೆ ನೀವೇ ಮೈಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತಾ, ಕಣ್ಣಿನ ಅಂಚು ಚುರುಕಾಗಿ ಕಂಡ ಕ್ಷಣದಲ್ಲಿ ನಾಲ್ಕೈದು ಚಿತ್ರಗಳನ್ನು ಒಟ್ಟಿಗೆ ಹೊಡೆಯಿರಿ. ಅದರಲ್ಲಿ ಒಂದು ನಿಲ್ಲುತ್ತದೆ. ಮೊದಲ ವಾರ ಕಷ್ಟವೆನಿಸುತ್ತದೆ, ಆಮೇಲೆ ಉಸಿರಾಟದ ಲಯದೊಂದಿಗೆ ಕೂಡಿಕೊಳ್ಳುತ್ತದೆ.

ಇಷ್ಟು ಸೂಕ್ಷ್ಮ ಕೆಲಸಕ್ಕೆ ಹುಳ ಸಮಯ ಕೊಡಬೇಕು. ಹಗಲು ಹನ್ನೊಂದು ಗಂಟೆಗೆ ಅದು ಕೊಡುವುದಿಲ್ಲ. ಬೆಳಗಿನ ಜಾವ ಧಾರಾಳವಾಗಿ ಕೊಡುತ್ತದೆ. ಕೀಟಗಳ ಮೈಯ ಬಿಸಿ ಸುತ್ತಲಿನ ಗಾಳಿಯನ್ನೂ ಬಿಸಿಲನ್ನೂ ನಂಬಿಕೊಂಡಿದೆ. ರಾತ್ರಿ ತಣ್ಣಗಾದ ಹುಳಕ್ಕೆ ಹಾರುವ ಶಕ್ತಿ ಮರಳಬೇಕಾದರೆ ಬಿಸಿಲು ತಾಗಬೇಕು. ಸಂಜೆಯಾಗುತ್ತಿದ್ದಂತೆ ಇವು ತೊಟ್ಟಿ ಬಿಟ್ಟು ಹತ್ತಿರದ ಹುಲ್ಲು, ಜೊಂಡು, ಒಣಗಿದ ಗಿಡದ ಕಡ್ಡಿಗಳಿಗೆ ಹೋಗಿ ಅಂಟಿಕೊಳ್ಳುತ್ತವೆ. ಬೆಳಿಗ್ಗೆ ಬಿಸಿಲು ಬರುವವರೆಗೂ ಬಹುತೇಕ ಅಲ್ಲೇ.

ಆದ್ದರಿಂದ ಫೋಟೋದ ಕೆಲಸ ಹಿಂದಿನ ದಿನದ ಸಂಜೆಯೇ ಶುರುವಾಗುತ್ತದೆ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಕ್ಯಾಮೆರಾ ಇಲ್ಲದೆ ಹಿತ್ತಿಲಿಗೆ ಹೋಗಿ, ತೊಟ್ಟಿಯ ಸುತ್ತ ಹತ್ತು ಹೆಜ್ಜೆಯೊಳಗಿನ ಹುಲ್ಲನ್ನು ನೋಡುತ್ತಾ ಕೂತುಕೊಳ್ಳಿ. ಯಾವ ಕಡ್ಡಿಗೆ ಬಂದು ಕೂತಿತು ಎಂದು ಗುರುತಿಟ್ಟುಕೊಳ್ಳಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಒಮ್ಮೆ ನೋಡಿದರೆ ಖಚಿತವಾಗುತ್ತದೆ. ಬೆಳಿಗ್ಗೆ ಆರೂಕಾಲಿಗೆ ಬನ್ನಿ. ನಿಮ್ಮ ಕಡೆ ಅಡಿಕೆ ಮರಗಳ ನೆರಳಿನಿಂದ ಹಿತ್ತಿಲಿಗೆ ಬಿಸಿಲು ಇಳಿಯುವುದೇ ತಡ, ಹಾಗಾಗಿ ಬಯಲುಸೀಮೆಯವರಿಗಿಂತ ನಿಮಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಮಳೆ ಹಿಂದೆಗೆದ ಮೇಲೆ, ಕಾರ್ತಿಕದಿಂದ ಪುಷ್ಯದವರೆಗೆ, ಇಬ್ಬನಿ ಬೀಳುವ ದಿನಗಳಂತೂ ಹಬ್ಬ. ರೆಕ್ಕೆಯ ಅಂಚಿನುದ್ದಕ್ಕೂ ಹನಿಗಳು ಸಾಲುಗಟ್ಟಿ, ಕಣ್ಣಿನ ಗುಂಡಿನ ಮೇಲೂ ಸಾಸಿವೆಗಿಂತ ಸಣ್ಣ ಹನಿಗಳು ನಿಂತಿರುತ್ತವೆ.

ಈ ಹೊತ್ತಿನಲ್ಲಿ ಟ್ರೈಪಾಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನಾನು ಮಾಡುವ ಒಂದು ಉಪಾಯ ಹೇಳುತ್ತೇನೆ. ಹುಳ ಕೂತ ಹುಲ್ಲಿನ ಕಡ್ಡಿಯನ್ನು, ಹುಳಕ್ಕಿಂತ ಒಂದು ಗೇಣು ಕೆಳಗೆ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಮೆಲ್ಲನೆ ಹಿಡಿಯಿರಿ. ಲೆನ್ಸಿನ ಮೂತಿಯನ್ನು ಅದೇ ಕೈಯ ಮಣಿಕಟ್ಟಿನ ಮೇಲೆ ಊರಿ. ಈಗ ಕಡ್ಡಿ ಅಲುಗಿದರೆ ಲೆನ್ಸೂ ಅದರೊಂದಿಗೇ ಅಲುಗುತ್ತದೆ, ಇಬ್ಬರ ನಡುವಿನ ದೂರ ಹೆಚ್ಚು ಬದಲಾಗುವುದಿಲ್ಲ. ರೇನಾಕ್ಸ್ ಗಾಜಿನ 20 ಸೆಂಟಿಮೀಟರ್ ದೂರಕ್ಕೆ ಬೆರಳಿನಿಂದ ಮಣಿಕಟ್ಟಿನವರೆಗಿನ ಅಳತೆ ಹೇಳಿಮಾಡಿಸಿದಂತೆ ಹೊಂದುತ್ತದೆ. ಇನ್ನೂ ಮುಖ್ಯವಾದದ್ದು, ಬೆರಳುಗಳ ನಡುವೆ ಕಡ್ಡಿಯನ್ನು ಎಳ್ಳಿನಷ್ಟು ತಿರುಗಿಸಿದರೆ ಹುಳವೂ ತಿರುಗುತ್ತದೆ. ಮೇಲೆ ಹೇಳಿದ ಆ 5 ಡಿಗ್ರಿಯನ್ನು ಸರಿಪಡಿಸಿಕೊಳ್ಳುವುದು ಇಲ್ಲೇ. ನೋಡುಕಿಂಡಿಯಲ್ಲಿ ಮೊದಲು ಕಣ್ಣು, ಆಮೇಲೆ ಬಾಲದ ತುದಿ, ಮತ್ತೆ ಕಣ್ಣು, ಹೀಗೆ ನೋಡುತ್ತಾ ತಿರುಗಿಸಿ. ಎರಡೂ ಒಂದೇ ಸಲ ಚುರುಕಾದಾಗ ಒತ್ತಿ. ಆ ಕ್ಷಣ ಬಂದಾಗ ನಿಮಗೇ ತಿಳಿಯುತ್ತದೆ: ಅಲ್ಲಿಯವರೆಗೆ ಮಸುಕಾಗಿದ್ದ ರೆಕ್ಕೆಯ ಜಾಲರಿ ಒಮ್ಮೆಲೇ ತೆರೆದುಕೊಂಡು, ಒಂದೊಂದು ಕೋಣೆಯೂ ಎಣಿಸುವಷ್ಟು ಬಿಡಿಬಿಡಿಯಾಗಿ ನಿಲ್ಲುತ್ತದೆ.

ಟ್ರೈಪಾಡ್ ಇದ್ದವರು ಲೈವ್ ವ್ಯೂ ಹಾಕಿ, ತೆರೆಯ ಮೇಲಿನ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ ಕಣ್ಣಿನ ಮೇಲೆ ಫೋಕಸ್ ಮಾಡಬೇಕು, ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆದುಬಿಡಬೇಕು, ಅಲುಗಾಟ ತಡೆಯುವ ಲೆನ್ಸಿನ ಗುಂಡಿಯನ್ನು ಆಫ್ ಮಾಡಿರಬೇಕು. ಗಾಳಿ ಇಲ್ಲದಿದ್ದರೆ ಐಎಸ್‌ಒ 400ರಲ್ಲಿ ಸೆಕೆಂಡಿನ 15ನೇ ಒಂದು ಭಾಗದಷ್ಟು ನಿಧಾನದ ಶಟರೂ ನಡೆಯುತ್ತದೆ. ಗಾಳಿ ಇದ್ದರೆ ಒಂದು ಬಿದಿರು ಕಡ್ಡಿ ನೆಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹುಲ್ಲಿನ ಬುಡಭಾಗವನ್ನು ಅದಕ್ಕೆ ಹಿಡಿಸಿ. ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹತ್ತಿಪ್ಪತ್ತು ಚಿತ್ರ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿಸುವ ಕ್ರಮಕ್ಕೂ ಇದೇ ಹೊತ್ತು. ಆದರೆ ಮೊದಲ ವರ್ಷ ಅದರ ಗೋಜಿಗೆ ಹೋಗಬೇಡಿ. ಕೋನ ಸರಿಯಿದ್ದರೆ ಒಂದೇ ಚಿತ್ರ ಸಾಕು.

ಬಿಸಿಲು ತಾಗಿದ ಮೇಲಿನ ಹತ್ತು ನಿಮಿಷಗಳನ್ನು ಕಣ್ಣಿಟ್ಟು ನೋಡಿ. ಮೊದಲು ಮುಂಗಾಲುಗಳನ್ನು ಎತ್ತಿ ಕಣ್ಣುಗಳ ಮೇಲಿನ ಹನಿ ಒರೆಸಿಕೊಳ್ಳುತ್ತದೆ, ನಿದ್ದೆಯಿಂದ ಎದ್ದ ಮಗು ಕಣ್ಣುಜ್ಜುವ ಹಾಗೆಯೇ. ತಲೆ ಸಣ್ಣ ಕುತ್ತಿಗೆಯ ಮೇಲೆ ಗಿರಗಿರನೆ ಓರೆಯಾಗುತ್ತದೆ. ಆಮೇಲೆ ಬಾಲವನ್ನು ಮೇಲಕ್ಕೆ ಬಾಗಿಸಿ ರೆಕ್ಕೆಗಳ ನಡುವೆ ಆಡಿಸುತ್ತದೆ. ಕೊನೆಗೆ ರೆಕ್ಕೆಯನ್ನು ಒಂದೆರಡು ಸಲ ಫಕ್ಕನೆ ಬಿಚ್ಚಿ ಮುಚ್ಚುತ್ತದೆ. ಅದು ಹೊರಡುವ ಸೂಚನೆ. ಕಣ್ಣೊರೆಸುವ ಚಿತ್ರ ಬೇಕಾದರೆ ಶಟರನ್ನು ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ವೇಗವಾಗಿ ಇಟ್ಟುಕೊಂಡು ಮೊದಲೇ ಸಿದ್ಧರಾಗಿರಿ. ನನ್ನ ಬಳಿ ಇರುವ ನೂರಾರು ಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡುವುದು ಆ ಬಗೆಯವು.

ಹಗಲಿನಲ್ಲಿ ತೆಗೆಯುವುದು ಅಸಾಧ್ಯವೆಂದಲ್ಲ. ಈ ಹುಳಗಳಿಗೆ ಕೆಲವು ಮೆಚ್ಚಿನ ಕಡ್ಡಿಗಳಿರುತ್ತವೆ. ಹಾರಿದರೂ ಆಗಾಗ ಅಲ್ಲಿಗೇ ಮರಳುತ್ತವೆ. ಬೆನ್ನಟ್ಟಿದರೆ ದೂರವಾಗುತ್ತವೆ, ಕಡ್ಡಿಯ ಬಳಿ ಕೂತು ಕಾದರೆ ಬರುತ್ತವೆ. ನಿಂತಲ್ಲಿಂದ ಬಗ್ಗಬೇಡಿ, ದೂರದಲ್ಲೇ ಮಂಡಿಯೂರಿ, ಆಮೇಲೆ ತೆವಳುತ್ತಾ ಮುಂದೆ ಹೋಗಿ. ನಿಮ್ಮ ನೆರಳು ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ. ಕೈಯನ್ನು ಪಕ್ಕಕ್ಕೆ ಆಡಿಸಿದರೆ ಬೆದರುತ್ತದೆ, ಅದರ ಕಡೆಗೆ ನೇರವಾಗಿ ನಿಧಾನಕ್ಕೆ ಸರಿದರೆ ಅಷ್ಟಾಗಿ ಬೆದರುವುದಿಲ್ಲ. ನುಸಿಯೋ ಸೊಳ್ಳೆಯೋ ಹಿಡಿದು ತಿನ್ನುತ್ತಾ ಕೂತಿದ್ದರಂತೂ ನಿಮ್ಮ ಅದೃಷ್ಟ. ಊಟ ಮುಗಿಯುವವರೆಗೆ ಬಹಳ ಸಲ ಜಾಗ ಬಿಡುವುದಿಲ್ಲ.

ಇನ್ನೊಂದು ಸ್ವಭಾವ ತಿಳಿದಿರಲಿ. ನೀವು ಹತ್ತಿರ ಬಂದಾಗ ಹಾರದೆ, ಕಡ್ಡಿಯ ಸುತ್ತ ಮೆಲ್ಲನೆ ಸರಿದು ಆಚೆ ಬದಿಗೆ ಹೋಗಿ ಅಡಗಿಕೊಳ್ಳುತ್ತದೆ. ಮೈ ಕಡ್ಡಿಯಷ್ಟೇ ಸಪೂರ, ಪೂರಾ ಮರೆಯಾಗುತ್ತದೆ. ಕಣ್ಣುಗಳು ಮಾತ್ರ ಕಡ್ಡಿಯ ಎರಡೂ ಬದಿಯಿಂದ ಹೊರಗೆ ಇಣುಕುತ್ತಿರುತ್ತವೆ. ಹಲವರು ಇದನ್ನು ಕಂಡು ಚಿತ್ರ ಕೈತಪ್ಪಿತೆಂದು ಎದ್ದುಹೋಗುತ್ತಾರೆ. ದಯವಿಟ್ಟು ಏಳಬೇಡಿ. ನಡುವೆ ಒಂದು ಹಸಿರು ಗೆರೆ, ಅದರ ಎಡಕ್ಕೊಂದು ಬಲಕ್ಕೊಂದು ಕಣ್ಣು. ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವುದರಿಂದ 2 ಮಿಲಿಮೀಟರ್ ಪದರ ಇಲ್ಲಿ ಸಾಕಾಗುತ್ತದೆ. ಪಕ್ಕದ ನೋಟ ಬಿಟ್ಟರೆ ಫೋಕಸಿಗೆ ಸುಲಭವಾದದ್ದು ಈ ಎದುರು ನೋಟ. ಓರೆ ನೋಟ ಎಲ್ಲಕ್ಕಿಂತ ಕಷ್ಟದ್ದು, ಹೊಸಬರೆಲ್ಲ ತೆಗೆಯುವುದು ಅದನ್ನೇ.

ಹಿನ್ನೆಲೆಗೆ ದುಡ್ಡು ಬೇಕಿಲ್ಲ. ತಲೆಯನ್ನು ನಾಲ್ಕು ಬೆರಳು ಅತ್ತಿತ್ತ ಸರಿಸಿದರೆ ಹುಳದ ಹಿಂದೆ ಬರುವ ವಸ್ತು ಬದಲಾಗುತ್ತದೆ. ಒಂದು ಮೀಟರ್ ಹಿಂದಿರುವ ಕೆಸುವಿನ ಎಲೆ ನಯವಾದ ಹಸಿರು ಪರದೆಯಾಗುತ್ತದೆ. ನೆರಳಿನಲ್ಲಿರುವ ತೊಟ್ಟಿಯ ನೀರು ಕಡುಗಪ್ಪಾಗುತ್ತದೆ. ಹಿಂದೆ ಕಪ್ಪಿದ್ದಾಗ ಕ್ಯಾಮೆರಾ ಮೋಸಹೋಗಿ ಹೆಚ್ಚು ಬೆಳಕು ಕೊಟ್ಟು ಹಳದಿಯನ್ನು ಸುಟ್ಟುಬಿಡುತ್ತದೆ. ಕ್ಯಾಮೆರಾದ ಎಕ್ಸ್‌ಪೋಷರ್ ಅಳತೆಪಟ್ಟಿಯಲ್ಲಿ ಮೂರನೇ ಎರಡು ಸ್ಟಾಪ್ (−2/3) ಇಳಿಸಿಕೊಳ್ಳಿ. ಈ ಹಳದಿ ಒಮ್ಮೆ ಸುಟ್ಟರೆ ಆಮೇಲೆ ಯಾವ ತಂತ್ರಾಂಶದಿಂದಲೂ ವಾಪಸು ಬರುವುದಿಲ್ಲ.

ನಡುಹಗಲಿನ ಬಿಸಿಲು ಗಡುಸು. ಬಿಳಿ ಕೊಡೆ ಹಿಡಿಯಲು ಮಗಳನ್ನು ಕರೆದುಕೊಳ್ಳಿ, ಬೆಳಕು ಹಾಲಿನಂತಾಗುತ್ತದೆ. ಫ್ಲಾಶ್ ಬಳಸುವುದಾದರೆ ಕ್ಯಾಮೆರಾದ ತಲೆಯ ಮೇಲೆ ಏಳುವ ಪುಟ್ಟ ಫ್ಲಾಶ್ ಪ್ರಯೋಜನವಿಲ್ಲ. ಉದ್ದಕ್ಕೆ ಎಳೆದ ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತದೆ. ಬೇರೆ ಫ್ಲಾಶ್ ಇದ್ದರೆ ಅದರ ಮುಂದೆ, ಲೆನ್ಸಿನ ಮೂತಿಯವರೆಗೂ ಚಾಚುವಂತೆ, ಟ್ರೇಸಿಂಗ್ ಕಾಗದದ ದೊಡ್ಡ ಪರದೆ ಕಟ್ಟಿ. ಪರದೆ ಹುಳಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಇದ್ದಷ್ಟೂ ಬೆಳಕು ಮೃದು. ಮಲೆನಾಡಿನ ಹಳ್ಳಗಳಲ್ಲಿ ಲೋಹದ ಹಾಗೆ ಹೊಳೆಯುವ ಹಸಿರು ಡ್ಯಾಮ್ಸೆಲ್‌ಫ್ಲೈಗಳಿವೆಯಲ್ಲ, ಅವುಗಳಿಗೆ ಪರದೆಯಿಲ್ಲದ ಫ್ಲಾಶ್ ಹೊಡೆದರೆ ಹಸಿರೇ ಕಾಣುವುದಿಲ್ಲ, ಬಿಳಿ ಗೀರು ಮಾತ್ರ ಉಳಿಯುತ್ತದೆ.

ಮೊಬೈಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅದರ ಮ್ಯಾಕ್ರೋ ಕ್ಯಾಮೆರಾಗೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಬೇಕಾಗುತ್ತದೆ. ಜಾವದ ಮರಗಟ್ಟಿದ ಹುಳಕ್ಕೆ ನಡೆಯುತ್ತದೆ, ಹಗಲಿಗೆ ಇಲ್ಲ.

ಜಾತಿ ಗುರುತಿಸುವ ಆಸೆ ಇದ್ದರೆ ಒಂದೇ ಚಂದದ ಚಿತ್ರ ಸಾಲದು. ಪಕ್ಕದಿಂದ ಒಂದು, ಬೆನ್ನ ಮೇಲಿನಿಂದ ಒಂದು, ಬಾಲದ ತುದಿ ದೊಡ್ಡದಾಗಿ ಒಂದು. ತುದಿಯಲ್ಲಿರುವ ಚಿಮಟದಂಥ ಅಂಗಗಳ ಆಕಾರ ಮತ್ತು ಕೊನೆಯ ಖಂಡಗಳ ಬಣ್ಣದಿಂದಲೇ ಎಷ್ಟೋ ಜಾತಿಗಳನ್ನು ಬೇರ್ಪಡಿಸುತ್ತಾರೆ. ನಿಮ್ಮ ತೊಟ್ಟಿಗೇ ಬರುವ ಇನ್ನೊಂದು, ಕಪ್ಪು ಬಾಲದ ತುದಿಯಲ್ಲಿ ನೀಲಿ ದೀಪ ಹೊತ್ತಿಸಿದಂತಿರುವುದು, ಸೆನೆಗಲ್ ಗೋಲ್ಡನ್ ಡಾರ್ಟ್‌ಲೆಟ್ ಆಗಿರಬಹುದು. ಅದರ ಎಳೆಯ ಹೆಣ್ಣು ಕಿತ್ತಳೆ ಬಣ್ಣದ್ದು, ಕೆಲವು ಹೆಣ್ಣುಗಳು ಗಂಡಿನ ಬಣ್ಣವನ್ನೇ ತಳೆದಿರುತ್ತವೆ. ಬಣ್ಣ ಒಂದನ್ನೇ ನಂಬಿ ಹೆಸರು ಬರೆದಿಡಬೇಡಿ.

ಕೆಲವು ವಿಷಯಗಳಲ್ಲಿ ನಾನು ಕಟ್ಟುನಿಟ್ಟು. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಫೋಟೋ ತೆಗೆಯುವವರಿದ್ದಾರೆ, ಗ್ಲಿಸರಿನ್ ಬೆರೆಸಿದ ನೀರು ಚಿಮುಕಿಸಿ ಇಬ್ಬನಿ ಮಾಡುವವರಿದ್ದಾರೆ. ಅದು ಹಿಂಸೆ. ಪಕ್ಕದಲ್ಲಿ ಅಡ್ಡ ಬಂದ ಹುಲ್ಲನ್ನು ಕೀಳದೆ ಬಾಗಿಸಿ ಹಿಡಿಯಿರಿ. ನಾನು ಹಿಂದೊಮ್ಮೆ ಅಡ್ಡವಾಗಿದ್ದ ನೀರುಗಿಡದ ದಂಟೊಂದನ್ನು ಕತ್ತರಿಸಿ ಎಸೆದೆ. ಅದರ ಮೇಲೆ ಸಾಲಾಗಿ ಚುಚ್ಚಿದ ಸಣ್ಣ ಗಾಯಗಳಿದ್ದವು. ಡ್ಯಾಮ್ಸೆಲ್‌ಫ್ಲೈ ಮೊಟ್ಟೆಯಿಡುವುದು ಗಿಡದ ಮೈಯೊಳಗೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಒಂದು ಸಂತತಿಯನ್ನೇ ಬಿಸಿಲಿಗೆ ಎಸೆದಿದ್ದೆ. ರೆಕ್ಕೆ ಗಾಜಿನಂತೆ ತೀರಾ ಹೊಳೆಯುತ್ತಾ, ಮೈ ಬಿಳಿಚಿಕೊಂಡು ಕೂತ ಹುಳ ಕಂಡರೆ ಅದು ಈಗಷ್ಟೇ ನೀರಿನಿಂದ ಮೇಲೆ ಬಂದು ಪೊರೆ ಕಳಚಿದ್ದು. ಅದನ್ನು ಮುಟ್ಟಬೇಡಿ, ಕಡ್ಡಿಯನ್ನೂ ಹಿಡಿಯಬೇಡಿ. ಆ ರೆಕ್ಕೆ ಇನ್ನೂ ಗಟ್ಟಿಯಾಗಿಲ್ಲ. ಜೋಡಿಯಾಗಿರುವಾಗಲೂ ದೂರದಿಂದಲೇ ತೆಗೆಯಿರಿ. ಗಂಡು ತನ್ನ ಬಾಲದ ತುದಿಯಿಂದ ಹೆಣ್ಣಿನ ಕುತ್ತಿಗೆಯ ಹಿಂಭಾಗವನ್ನು ಹಿಡಿದು, ಹೆಣ್ಣು ನೈದಿಲೆ ಎಲೆಗೆ ಮೊಟ್ಟೆ ಚುಚ್ಚುವಾಗ ಮೇಲೆ ಕಂಬದಂತೆ ನೆಟ್ಟಗೆ ನಿಂತಿರುತ್ತದೆ. ಮುಕ್ಕಾಲು ಮೀಟರ್ ಆಚೆಯಿಂದ ನಿಮ್ಮ 250 ಲೆನ್ಸಿಗೆ ಅದು ಚೆನ್ನಾಗಿ ಸಿಗುತ್ತದೆ.

ತೊಟ್ಟಿಯ ಬಗ್ಗೆಯೂ ಹೇಳಬೇಕು, ಹುಳ ಉಳಿದರೆ ತಾನೇ ಫೋಟೋ. ಸೊಳ್ಳೆಗೆ ಹೆದರಿ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನು ಬಿಡಲು ಯಾರಾದರೂ ಹೇಳಿಯಾರು. ಆ ಮೀನುಗಳು ಸೊಳ್ಳೆಮರಿಯ ಜತೆಗೆ ಡ್ಯಾಮ್ಸೆಲ್‌ಫ್ಲೈಯ ಮರಿಯನ್ನೂ ತಿನ್ನುತ್ತವೆ. ಬಾಲದ ತುದಿಯಲ್ಲಿ ಮೂರು ಎಲೆಗಳಂಥ ಕಿವಿರುಗಳಿರುವ ಆ ಮರಿಗಳು ತಾವೇ ಸೊಳ್ಳೆಮರಿಗಳನ್ನು ಹಿಡಿಯುವ ಬೇಟೆಗಾರರು. ಆದರೆ ಇವೊಂದನ್ನೇ ನಂಬಿ ಮನೆಯ ಸುತ್ತ ನೀರು ನಿಲ್ಲಿಸುವುದು ಸರಿಯಲ್ಲ. ನೈದಿಲೆ ತೊಟ್ಟಿಯನ್ನು ಆಗಾಗ ನೋಡಿ, ಸೊಳ್ಳೆಮರಿ ಕಂಡರೆ ಚಹಾ ಸೋಸುವ ಜಾಲರಿಯಿಂದ ಎತ್ತಿಬಿಡಿ, ಬೇರೆ ಡಬ್ಬಿ ತೆಂಗಿನ ಚಿಪ್ಪುಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ತೊಟ್ಟಿಯಲ್ಲಿ ನೀರಿನಿಂದ ಮೇಲೆದ್ದು ನಿಲ್ಲುವ ಜೊಂಡಿನಂಥ ಗಿಡ ಒಂದೆರಡು ಇರಲಿ. ಪೊರೆ ಕಳಚಲು ಮರಿ ಅದನ್ನೇ ಹತ್ತಿ ಬರುತ್ತದೆ. ತೋಟಕ್ಕೆ ಔಷಧಿ ಹೊಡೆಯುವ ದಿನ ತೊಟ್ಟಿಗೆ ಪ್ಲಾಸ್ಟಿಕ್ ಹೊದಿಸಿ.

ಈಗ ನಿಮ್ಮ ಕಪ್ಪು ಚುಕ್ಕೆ. ಅದಕ್ಕೆ ಹುಸಿ ಪಾಪೆ ಎನ್ನಬಹುದು. ನಮ್ಮ ಕಣ್ಣಿನಂತೆ ಅಲ್ಲಿ ಗುಡ್ಡೆಯೂ ಇಲ್ಲ, ಅದು ತಿರುಗುವುದೂ ಇಲ್ಲ. ಆ ಕಣ್ಣು ಒಂದಕ್ಕೊಂದು ಅಂಟಿಕೊಂಡ ಸಾವಿರಾರು ಸಣ್ಣ ಕೊಳವೆಗಳ ಗುಚ್ಛ, ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿದೆ. ಬೇರೆ ಕಡೆ ನೋಡುವ ಕೊಳವೆಗಳ ಗೋಡೆಗಳಿಂದ ಬೆಳಕು ನಿಮ್ಮತ್ತ ಚದುರಿ ಬರುತ್ತದೆ, ಅವು ಹಸಿರಾಗಿ ಕಾಣುತ್ತವೆ. ಸರಿಯಾಗಿ ನಿಮ್ಮತ್ತಲೇ ಮುಖ ಮಾಡಿರುವ ಕೆಲವು ಕೊಳವೆಗಳು ನಿಮ್ಮಿಂದ ಬಂದ ಬೆಳಕನ್ನು ಒಳಗೆ ನುಂಗಿಬಿಡುತ್ತವೆ, ಅಲ್ಲಿ ಕಪ್ಪು. ನೀವು ಸರಿದರೆ ನಿಮ್ಮತ್ತ ಮುಖ ಮಾಡಿದ ಕೊಳವೆಗಳು ಬೇರೆಯಾಗುತ್ತವೆ, ಹಾಗಾಗಿ ಚುಕ್ಕೆಯೂ ಸರಿದಂತೆ ಕಾಣುತ್ತದೆ. ಹುಳದ ಗಮನ ನಿಮ್ಮ ಮೇಲಿದೆಯೋ ಇಲ್ಲವೋ ಚುಕ್ಕೆಯಿಂದ ತಿಳಿಯುವುದಿಲ್ಲ. ಅಷ್ಟು ಕೊಳವೆಗಳಿಗೆ ನೀವು ಕಾಣುತ್ತಿದ್ದೀರಿ ಎಂಬುದಂತೂ ನಿಜ. ಫೋಕಸ್ ನಿಲ್ಲಿಸುವುದಕ್ಕೂ ಆ ಚುಕ್ಕೆಯನ್ನೇ ಗುರುತಾಗಿ ಇಟ್ಟುಕೊಳ್ಳಿ. ಅದು ಚುರುಕಾಗಿ ಕಂಡರೆ ಕಣ್ಣಿನಲ್ಲಿ ನಿಮಗೆ ಅತಿ ಹತ್ತಿರದ ಮೈ ಚುರುಕಾಗಿದೆ ಎಂದೇ ಲೆಕ್ಕ. ನಾಳೆ ಬೆಳಿಗ್ಗೆ ನೀವು ಕಡ್ಡಿಯ ಎಡಕ್ಕೆ ಕೂತು, ಮಗಳನ್ನು ಬಲಕ್ಕೆ ಕೂರಿಸಿ, ಇಬ್ಬರೂ ಒಂದೇ ಕಣ್ಣನ್ನು ನೋಡಿ. ನಿಮ್ಮ ಚುಕ್ಕೆ ಒಂದು ಕಡೆ, ಅವಳ ಚುಕ್ಕೆ ಇನ್ನೊಂದು ಕಡೆ ಇರುತ್ತದೆ.